ಸಬ್ಬಣ್ಣ ಸಂಪಿನೊಳಗೆ ಇಳಿದದ್ದು

ಸಬ್ಬಣ್ಣ ಸತ್ತ ಸುದ್ದಿಗೆ ಊರಿನಲ್ಲಿ ಒಂದು ಹನಿ ಕಣ್ಣೀರು ಬೀಳಲಿಲ್ಲ. ಅಳುತ್ತ ಬಂದವಳು ಒಬ್ಬಳೇ, ಅವಳೂ ಅವನಿಗಾಗಿ ಅತ್ತವಳಲ್ಲ. ಸೋಮವಾರ ಮಧ್ಯಾಹ್ನ ಮೊಳೆಯಣ್ಣ ತನ್ನ ಹಾರ್ಡ್‌ವೇರ್ ಅಂಗಡಿಯ ಬಾಗಿಲು ಅರ್ಧ ಎಳೆದು, ಹಿಂದಿನ ಮನೆಯಲ್ಲಿ ಅಕ್ಕನ ಎದುರು ಊಟಕ್ಕೆ ಕೂತಿದ್ದ. ಆ ಹೆಂಗಸು ಚಪ್ಪಲಿ ಕಳಚುವುದನ್ನೂ ಮರೆತು ನೇರ ಒಳಗೆ ಬಂದಳು.

"ಅಕ್ಕಾ, ನಮ್ಮನೆಯವ್ರನ್ನ ಪೊಲೀಸ್ನೋರು ಹಿಡ್ಕೊಂಡು ಹೋದ್ರು. ಸಬ್ಬಣ್ಣನ್ನ ಕೊಂದಿದ್ದು ಇವ್ರೇ ಅಂತಾರೆ. ಜಿರಳೆ ಕೊಲ್ಲೋಕೂ ನನ್ನನ್ನೇ ಕೂಗೋ ಮನುಷ್ಯ ಅಕ್ಕ ಅವ್ರು."

ಅವಳ ಗಂಡನಿಗೆ ಊರಿಟ್ಟ ಹೆಸರು ಮೈಕು. 'ಸ್ಥಳೀಯರಿಗೆ ಕೆಲಸ ಕೊಡಿ' ಹೋರಾಟ ಸಮಿತಿಯ ಅಧ್ಯಕ್ಷ. ಕೈಗೆ ಮೈಕು ಸಿಕ್ಕರೆ ಬಿಡುತ್ತಿರಲಿಲ್ಲ, ಸಿಗದಿದ್ದರೂ ಸಿಕ್ಕಷ್ಟೇ ಜೋರಾಗಿ ಮಾತಾಡುತ್ತಿದ್ದ. ಹೋದ ವಾರ ಬಸ್ ನಿಲ್ದಾಣದ ಎದುರು ನಿಂತು, "ಆ ಸಬ್ಬಣ್ಣನ್ನ ಅವನೇ ತೋಡಿಸಿದ ಗುಂಡೀಲಿ ಹೂತು ಹಾಕ್ತೀನಿ" ಎಂದು ಕೂಗಿದ್ದನ್ನು ಇಡೀ ಪೇಟೆ ಕೇಳಿತ್ತು. ಈಗ ಸಬ್ಬಣ್ಣ ಗುಂಡಿಯೊಳಗೇ ಸಿಕ್ಕಿದ್ದ.

"ಅಳು ನಿಲ್ಸು," ಎಂದಳು ಅಕ್ಕ. "ನಿನ್ನೆ ಭಾನುವಾರ ನಿನ್ನ ಗಂಡ ಆಸ್ಪತ್ರೆ ಸೈಟಿನ ಹತ್ರ ಕಂಡ ಅಂತ ಪೇಟೇಲೆಲ್ಲ ಮಾತು. ಯಾಕೆ ಹೋಗಿದ್ದ?"

"ನನಗೂ ಹೇಳ್ತಿಲ್ಲ, ಪೊಲೀಸರಿಗೂ ಹೇಳ್ತಿಲ್ಲ. ಅದೇ ಮುಳುವಾಗಿರೋದು."

ಅಕ್ಕ ಕೈ ತೊಳೆಯಲು ಎದ್ದಳು. ಮೊಳೆಯಣ್ಣ ಇನ್ನೂ ಅರ್ಧ ಊಟದಲ್ಲಿದ್ದ. ಅಕ್ಕ ಎದ್ದಳೆಂದರೆ ತನ್ನ ಊಟ ಮುಗಿದಂತೆಯೇ ಎಂಬುದು ಅವನಿಗೆ ಹೊಸದಲ್ಲ. ಅವಳು ಕೋರ್ಟಿನಲ್ಲಿ ಸ್ಟೆನೋ ಆಗಿ ಬದುಕು ಸವೆಸಿದವಳು. ಜನ ಹೇಳಿದ ಸುಳ್ಳನ್ನೆಲ್ಲ ಅದರ ವೇಗದಲ್ಲೇ ಬರೆದುಕೊಂಡು, ಯಾವ ಸುಳ್ಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ತಿಳಿದವಳು. ಚಿನ್ನದಂಗಡಿಯ ಕಳ್ಳತನವನ್ನು ಅವಳು ಬಿಡಿಸಿದ ಮೇಲೆ ಊರಿಗೆ ಸ್ಟೆನೋ ಅಕ್ಕ ಅಂದರೆ ಅರ್ಧ ಠಾಣೆ.

ದಾರಿಯುದ್ದಕ್ಕೂ ಮೊಳೆಯಣ್ಣನ ಹೊಟ್ಟೆಯಲ್ಲಿ ಹಸಿವಿಗಿಂತ ಸಿಟ್ಟೇ ಹೆಚ್ಚಿತ್ತು. ಸರ್ಕಾರಿ ಆಸ್ಪತ್ರೆಯ ಹೊಸ ಕಟ್ಟಡ ಅದು. ಟೆಂಡರು ಸಿಕ್ಕಿದ್ದು ಊರಿನವರೆಲ್ಲ ದೊಡ್ಡೋರು ಎನ್ನುವ ಗುತ್ತಿಗೆದಾರರಿಗೆ. ಅವರು ಕರಣೆ ಮುಟ್ಟದೆ ಕೆಲಸವನ್ನು ಇಡಿಯಾಗಿ ಸಬ್ ಕಾಂಟ್ರಾಕ್ಟರಿಗೆ ದಾಟಿಸಿದರು. ಆ ಸಬ್ಬೇ ಸಬ್ಬಣ್ಣ. ಅವನು ಅದನ್ನು ಹೊರಗಿನ ಒಬ್ಬ ಮೇಸ್ತ್ರಿಯ ಗ್ಯಾಂಗಿಗೆ ದಾಟಿಸಿದ. ಮೇಲಿನವನಿಗೆ ಕೆನೆ, ನಡುವಿನವನಿಗೆ ಮೊಸರು, ಗೇಯುವವನಿಗೆ ನೀರುಮಜ್ಜಿಗೆ. ಕೆಲಸದವರಲ್ಲಿ ಅರ್ಧ ಜನ ಊರಿನವರೇ ಇರಬೇಕು ಎಂದು ಸರ್ಕಾರದ ನಿಯಮ, ಗೇಟಿನ ಬೋರ್ಡಿನ ಮೇಲೂ ಬರೆದಿತ್ತು. ಹೊರಗಿನವರು ಕಡಿಮೆ ಕೂಲಿಗೆ ಹೆಚ್ಚು ಹೊತ್ತು ದುಡಿಯುತ್ತಾರೆಂದು ಸಬ್ಬಣ್ಣ ಊರಿನವರನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಅಧಿಕಾರಿಗಳು ತಪಾಸಣೆಗೆ ಬರುವ ದಿನ ಮಾತ್ರ ಊರಿನ ಒಂದಷ್ಟು ಜನರಿಗೆ ಹೆಲ್ಮೆಟ್ಟು, ಹಸಿರು ಜಾಕೆಟ್ಟು ತೊಡಿಸಿ ಅಲ್ಲಲ್ಲಿ ನಿಲ್ಲಿಸುತ್ತಿದ್ದ. ಪೇಟೆಯಲ್ಲಿ ಇದಕ್ಕೆ 'ನಿಲ್ಲೋ ಕೆಲಸ' ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ನಿಜವಾಗಿ ದುಡಿಯುವವರು ಎಲ್ಲಿ ಹೋಗುತ್ತಾರೆ ಎಂದು ಯಾರೂ ಕೇಳಿದವರಲ್ಲ.

ಸೈಟಿನಲ್ಲಿ ಇನ್ಸ್‌ಪೆಕ್ಟರ್ ಎದ್ದು ನಿಂತು ಸ್ವಾಗತಿಸಿದರು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಅವರು ಸಾಕ್ಷಿಕಟ್ಟೆಯಲ್ಲಿ ತೊದಲಿದ್ದನ್ನು ಅಕ್ಕ ತೊದಲಿಲ್ಲದೆ ಬರೆದುಕೊಂಡಿದ್ದಳು. ಆ ಋಣ ಅವರು ಮರೆತಿರಲಿಲ್ಲ.

ಕಟ್ಟಡದ ಹಿಂದೆ ನೆಲದಡಿಯ ನೀರಿನ ಸಂಪು. ಕಟ್ಟಿ ತಿಂಗಳುಗಳಾಗಿದ್ದರೂ ನೀರು ತುಂಬಿಸಿರಲಿಲ್ಲ. ಕಾಂಕ್ರೀಟಿಗೆ ಆಸರೆಯಾಗಿ ಒಳಗೆ ಬಡಿದಿದ್ದ ಸೆಂಟ್ರಿಂಗ್ ಹಲಗೆಗಳನ್ನೂ ತೆಗೆದಿರಲಿಲ್ಲ.

"ಹಲಗೆ ಕೊಳೆತು ಒಳಗಿನ ಗಾಳಿ ಕೆಟ್ಟಿದೆ ಅಂತಾರೆ ಡಾಕ್ಟ್ರು," ಎಂದರು ಇನ್ಸ್‌ಪೆಕ್ಟರ್. "ಮೈ ಮೇಲೆ ಒಂದು ಗೀರೂ ಇಲ್ಲ. ಉಸಿರು ಸಿಗದೆ ಸತ್ತಿದಾನೆ, ನಿನ್ನೆ ಮಧ್ಯಾಹ್ನದ ಹೊತ್ತಿಗೆ. ಮುಚ್ಚಳದ ಚಿಲಕಕ್ಕೆ ಕಬ್ಬಿಣದ ಸರಳು ತೂರಿಸಿ, ಮೇಲೆ ಸಿಮೆಂಟ್ ಮೂಟೆ ಹೇರಿದ್ರು. ಬೆಳಿಗ್ಗೆ ವಾಚ್‌ಮನ್ ಈ ಅಂಗಿ ನೋಡಿ ಅನುಮಾನ ಬಂದು ಕೂಗ್ಕೊಂಡ."

ಪಕ್ಕದ ಕಂಬಿಯ ಮೇಲೆ ಸಬ್ಬಣ್ಣನ ಬಿಳಿ ಅಂಗಿ ಮಡಿಸಿದಂತೆ ತೂಗುತ್ತಿತ್ತು. ಕನ್ನಡಕ, ಫೋನು ಜೇಬಿನಲ್ಲೇ ಇದ್ದವಂತೆ. ಏಣಿಯನ್ನು ಗೋಡೆಯ ಎರಡು ಕೊಕ್ಕೆಗಳಿಗೆ ನೇತುಹಾಕಿತ್ತು. ಅಕ್ಕ ಮೂಟೆಗಳ ಹತ್ತಿರ ಕೂತಳು. ಅವುಗಳ ಕೆಳಗೆ ಎರಡು ಹಲಗೆ ಹಾಸಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚನ್ನು ಕೆಳಗೆ ಸಿಕ್ಕಿಸಿತ್ತು.

"ಇದನ್ನ ನಿಮ್ಮೋರು ಹೊದಿಸಿದ್ದಾ?"

"ಇಲ್ಲ, ಹೀಗೇ ಪಕ್ಕಕ್ಕೆ ಎತ್ತಿಟ್ವಿ ಅಷ್ಟೆ, ಹಲಗೆ ಸಮೇತ. ಇನ್ನೊಂದು ವಿಚಿತ್ರ. ಹೆಣದ ಮುಷ್ಟೀಲಿ ಒಂದು ಹಳೇ ರಬ್ಬರ್ ಚಪ್ಪಲಿ ಇತ್ತು. ಒಂದೇ ಕಾಲಿಂದು. ಕಿತ್ತ ಬಾರನ್ನ ಕಂಬಿ ಕಟ್ಟೋ ತಂತಿಲಿ ಬಿಗಿದಿದೆ. ಸಬ್ಬಣ್ಣಂದಂತೂ ಅಲ್ಲ, ಅವನ ಕಾಲಲ್ಲಿ ಶೂ ಇತ್ತು."

ವಾಚ್‌ಮನ್ ತಾತನನ್ನು ಕರೆಸಿದರು. ಭಾನುವಾರ ರಜೆ, ಸೈಟಿನಲ್ಲಿ ನರಪಿಳ್ಳೆ ಇರಲಿಲ್ಲ ಎಂದ. ಸಬ್ಬಣ್ಣ ಬೈಕಿನಲ್ಲಿ ಒಳಗೆ ಹೋಗಿದ್ದನ್ನು ನೋಡಿದ್ದ. ಆಮೇಲೆ ಮೈಕು ಗೇಟಿಗೆ ಬಂದು, ಸಬ್ಬಣ್ಣಾ ಸಬ್ಬಣ್ಣಾ ಎಂದು ಕೂಗಿ, ಉತ್ತರ ಸಿಗದೆ ಹೊರಟಿದ್ದ.

"ಹಿಂದಿನಿಂದ ಬರಬಹುದಾ ತಾತ?"

"ಹಿಂದೆ ತಗಡಿನ ಬೇಲೀಲಿ ಎಮ್ಮೆ ನುಗ್ಗೋ ಸಂದಿ ಇದೆ ಕಣಮ್ಮ. ನಾನು ಕೂರೋದು ಮುಂದೆ, ನೆರಳಿರೋ ಕಡೆ."

"ಅದೇ ಸಂದಿಯಿಂದ ಮೈಕು ಒಳಗೆ ಬಂದ," ಎಂದರು ಇನ್ಸ್‌ಪೆಕ್ಟರ್, ಕೇಸು ಮುಗಿದವರ ಹಾಗೆ.

ಅಷ್ಟರಲ್ಲಿ ಸರ್ಕಾರಿ ಇಂಜಿನಿಯರ್ ಬಂದ. ಇಸ್ತ್ರಿ ಅಂಗಿ, ಹೊಳೆಯುವ ಶೂ, ಮೆಲುಮಾತಿನ ತರುಣ. ಅಕ್ಕ ಕಟ್ಟಡವನ್ನೆಲ್ಲ ನೋಡಬೇಕು ಎಂದಾಗ ತಾನೇ ಮೇಲಕ್ಕೆ ಕರೆದೊಯ್ದ. ಶುಕ್ರವಾರವಷ್ಟೇ ಹಾಕಿದ ಸ್ಲ್ಯಾಬು. ಕಾಂಕ್ರೀಟು ಬಿರಿಯದೆ ಗಟ್ಟಿಯಾಗಲಿ ಎಂದು ಅದರ ಮೇಲೆಲ್ಲ ತೋಟದ ಮಡಿಗಳಂತೆ ತೆಳು ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಿದ್ದರು.

"ಇದನ್ನ ಯಾರು ಕಟ್ಟಿದ್ದು?"

"ಗ್ಯಾಂಗಿನೋರು ಮೇಡಂ. ಇವತ್ತು ತಪಾಸಣೆ ಇತ್ತಲ್ಲ, ಅದಕ್ಕೆ ಸಬ್ಬಣ್ಣ ಅವ್ರನ್ನ ಶನಿವಾರವೇ ಬೇರೆ ಸೈಟಿಗೆ ಸಾಗಿಸಿದ. ಅವ್ರು ಪೂರ್ತಿ ಕಟ್ಟೆ ಕಟ್ಟಿ, ನೀರು ತುಂಬಿಸಿಯೇ ಹೋಗಿದ್ದು. ಆಮೇಲೆ ಮೇಲಕ್ಕೆ ಯಾರೂ ಹತ್ತಿಲ್ಲ."

ಈ ಬಿಸಿಲಿಗೆ ಶನಿವಾರದ ನೀರು ಸೋಮವಾರದವರೆಗೆ ಹೇಗೆ ಉಳಿದೀತು ಎಂದು ಮೊಳೆಯಣ್ಣನಿಗೆ ಅನಿಸಿತು. ಅಂಗಡಿ ಮುಂದೆ ಅವನಿಡುವ ಬಕೆಟ್ಟಿನ ನೀರೇ ದಿನ ಕಳೆಯುವಷ್ಟರಲ್ಲಿ ತಳ ಕಾಣುತ್ತಿತ್ತು. ಬಗ್ಗಿ ನೋಡಿದಾಗ ಇನ್ನೊಂದು ಕಂಡಿತು. ಒಂದು ಬದಿಯ ಮಡಿಗಳ ಮೂಲೆಗಳು ಬೋಳಾಗಿದ್ದವು. ಇನ್ನೊಂದು ಬದಿಯಲ್ಲಿ ಮಾತ್ರ ಪ್ರತಿ ಮೂಲೆಗೂ ಹೆಬ್ಬೆರಳಿನಿಂದ ಒತ್ತಿದ ಎರಡು ಗುಳಿ. ಅಕ್ಕನಿಗೆ ತೋರಿಸಿದ. ಅವಳು ನೋಡಿಯೂ ನೋಡದವಳಂತೆ ಮೆಟ್ಟಿಲಿಳಿದಳು.

ಕೆಳಗೆ ದೊಡ್ಡೋರ ಕಾರು ನಿಂತಿತ್ತು. ಕಾರಿನಿಂದ ಇಳಿಯದೆಯೇ ಅವರು ಇಂಜಿನಿಯರನ್ನು ಕೇಳಿದರು: "ಏನ್ರೀ, ಮೇಲಿನ ಸ್ಲ್ಯಾಬು ಹಾಕಿ ಆಯ್ತಾ?"

"ಶುಕ್ರವಾರವೇ ಆಯ್ತು ಸಾರ್."

"ಒಳ್ಳೇದು. ಸಬ್ಬಣ್ಣ ಹೋಗಿದ್ದು ದೊಡ್ಡ ನಷ್ಟ. ಇರ್ಲಿ, ಬೇರೆ ಸಬ್ಬು ನೋಡಿದೀನಿ. ಕೆಲಸ ನಿಲ್ಲಬಾರದು." ಹೆಣ ಇನ್ನೂ ಸುಟ್ಟಿರಲಿಲ್ಲ, ಅವನ ಜಾಗ ಆಗಲೇ ತುಂಬಿತ್ತು. ಸಬ್ಬಣ್ಣನ ಮೇಲೆ ಎಳ್ಳಷ್ಟೂ ಕರುಣೆ ಇಲ್ಲದ ಮೊಳೆಯಣ್ಣನಿಗೂ ಕಾರಿಗೆ ಒಂದು ಕಲ್ಲು ಬೀರೋಣ ಅನಿಸಿತು.

ಠಾಣೆಯಲ್ಲಿ ಮೈಕು ಗಂಟಲು ಕಟ್ಟಿ ಕೂತಿದ್ದ. ಅಕ್ಕ ಕೊಲೆಯ ಮಾತೇ ಎತ್ತದೆ ಸ್ಲ್ಯಾಬಿನ ಮಾತು ತೆಗೆದಳು.

"ಅದನ್ನೇ ನಾನು ಹೋದ ತಿಂಗಳೇ ಪೇಪರಿಗೆ ಬರೆದಿದ್ದೆ ಅಕ್ಕ," ಎಂದ ಅವನು, ಸ್ವರ ಮರಳಿ ಬಂದು. "ಕೆಳಗಿನ ಸ್ಲ್ಯಾಬು ಹಾಕಿದಾಗ್ಲೂ ಹಸಿ ಕಾಂಕ್ರೀಟಿನ ಮೇಲೆ ನೀರು ನಿಲ್ಲಿಸಿದ್ರು. ಸರ್ಕಾರಿ ಕಟ್ಟಡ ನೆನೆದು ಹಾಳಾಗ್ಲಿ ಅಂತಲೇ ಮಾಡೋದು. ಬೆಲ್ಲ ನೀರಲ್ಲಿಟ್ರೆ ಉಳಿಯುತ್ತಾ?"

ಮೊಳೆಯಣ್ಣ ನಗು ತಡೆಯಲು ಗೋಡೆ ಕಡೆ ತಿರುಗಿದ. ಅಕ್ಕ ನಗಲಿಲ್ಲ. ಅವನ ಹೆಂಡತಿಯನ್ನು ಹೊರಗೆ ಕಳಿಸಿ, ದನಿ ತಗ್ಗಿಸಿ ಕೇಳಿದಳು: "ಇವತ್ತಿನ ತಪಾಸಣೆಗೆ ನಿಲ್ಲೋರನ್ನ ಒದಗಿಸ್ಬೇಕಾಗಿದ್ದೋನು ನೀನೇ ತಾನೇ? ಅದಕ್ಕೇ ಭಾನುವಾರ ಸಬ್ಬಣ್ಣನ್ನ ಹುಡುಕ್ಕೊಂಡು ಹೋಗಿದ್ದು."

ಮೈಕು ತಲೆ ತಗ್ಗಿಸಿದ. ಹಗಲು ಊರಿಗೆ ಕೆಲಸ ಕೊಡಿ ಎಂದು ಕೂಗಿ, ಸಂಜೆ ಊರಿನವರನ್ನು ಹೆಲ್ಮೆಟ್ಟಿನ ಲೆಕ್ಕದಲ್ಲಿ ಮಾರುತ್ತಿದ್ದ ಅಧ್ಯಕ್ಷ. ಅದು ಹೊರಗೆ ಬರುವುದಕ್ಕಿಂತ ಕೊಲೆಗಾರ ಅನಿಸಿಕೊಳ್ಳುವುದೇ ವಾಸಿ ಎಂದುಕೊಂಡಿದ್ದ.

"ನಾನು ಯಾರಿಗೂ ಹೇಳಲ್ಲ," ಎಂದಳು ಅಕ್ಕ. "ಹೇಳ್ಬೇಕಾದ ದಿನ ಬಂದ್ರೆ ನೀನೇ ಹೇಳು."

ಮರುದಿನ ಅಕ್ಕ ತಮ್ಮ ಇಬ್ಬರೂ ಬಸ್ಸು ಹತ್ತಿ ಗ್ಯಾಂಗನ್ನು ಸಾಗಿಸಿದ್ದ ಇನ್ನೊಂದು ಸೈಟಿಗೆ ಹೋದರು. ಭಾನುವಾರ ಅವರೆಲ್ಲ ಅಲ್ಲಿಯೇ ಪಾಯ ತೋಡಿದ್ದನ್ನು ಅಲ್ಲಿನವರು ಒಂದೇ ಬಾಯಿಯಲ್ಲಿ ಹೇಳಿದರು. ಸಂಪಿನ ವಿಷಯ ತನಗೇನೂ ಗೊತ್ತಿಲ್ಲ ಎಂದ ಮೇಸ್ತ್ರಿ. ಅಕ್ಕ ಫೋನಿನಲ್ಲಿ ಚಪ್ಪಲಿಯ ಚಿತ್ರ ತೋರಿಸಿದಳು. ಅವನು ಕೂತಲ್ಲಿಂದ ಎದ್ದು, ಮತ್ತೆ ಕೂತ.

"ಆ ತಂತಿ ಕಟ್ಟಿಕೊಟ್ಟೋನು ನಾನೇ ಅಮ್ಮಾ. ನಮ್ಮ ಗಾರೆಯವನ ಚಪ್ಪಲಿ ಅದು. ಬೇಸಿಗೇಲಿ ತಪಾಸಣೆ ಬಂದಾಗ ಸಬ್ಬಣ್ಣ ನಮ್ಮನ್ನೆಲ್ಲ ಆ ಸಂಪಿನೊಳಗೆ ಇಳಿಸಿ ಮುಚ್ಚಳ ಹಾಕಿದ. ಉಸಿರು ಕಟ್ಟಿ ಬಡಿದ್ವಿ, ಕೂಗಿದ್ವಿ. ಯಾರೂ ತೆಗೀಲಿಲ್ಲ. ತೆಗೆದಾಗ ಮೂಲೇಲಿದ್ದ ಅವನು ಏಳ್ಲಿಲ್ಲ. ಹೆಣಾನ ಲಾರೀಲಿ ಹಾಕ್ಕೊಂಡು ಹೋಗಿ ದೂರದ ಕಲ್ಲುಗಣೀಲಿ ಮಣ್ಣು ಮಾಡಿಸಿದ್ರು. ಬಾಯಿ ಬಿಟ್ರೆ ಯಾರಿಗೂ ಕೆಲಸ ಇಲ್ಲ ಅಂದ್ರು. ಪೊಲೀಸರ ಹತ್ರ ಹೋದ್ರೂ ಏನು ಹೇಳೋದು? ಅವರ ದಾಖಲೇಲಿ ನಾವು ಯಾರೂ ಅಲ್ಲಿ ಇರ್ಲೇ ಇಲ್ಲ. ಇಲ್ಲದೋನು ಸಾಯೋದು ಹೇಗೆ?"

ಮೊಳೆಯಣ್ಣನಿಗೆ ಥಟ್ಟನೆ ನೆನಪಾಯಿತು. ಆ ಬೇಸಿಗೆಯ ತಪಾಸಣೆಗೆ ಹೆಲ್ಮೆಟ್ಟುಗಳು ಹೋಗಿದ್ದು ಅವನ ಅಂಗಡಿಯಿಂದಲೇ.

"ಮೇಸ್ತ್ರಿ, ಸ್ಲ್ಯಾಬಿನ ಕಟ್ಟೆ ಪೂರ್ತಿ ನೀವೇ ಕಟ್ಟಿದ್ರಾ?" ಅಕ್ಕ ಕೇಳಿದಳು.

"ಅರ್ಧಕ್ಕೇ ಲಾರಿ ಹತ್ತಿಸಿದ್ರು. ನೀರೂ ಬಿಡೋಕಾಗ್ಲಿಲ್ಲ."

"ಮೂಲೆಗೆ ಎರಡು ಹೆಬ್ಬೆರಳು ಒತ್ತೋದು ನಿಮ್ಮ ಗ್ಯಾಂಗಿನ ರೂಢಿಯಾ?"

"ಅದು ಅವನೊಬ್ಬಂದೇ ಕೈ ಅಮ್ಮಾ. ನೀರು ಮೊದಲು ಸೋರೋದು ಮೂಲೆಯಿಂದ ಅಂತಿದ್ದ. ಅವರಪ್ಪ ಹೇಳಿಕೊಟ್ಟಿದ್ದಂತೆ. ಹಾಗಾದ್ರೆ ಸತ್ತೋನೇ ಬಂದು ಕಟ್ಟಿದಾನೆ. ಅವನೇ ಸಬ್ಬಣ್ಣನ್ನ ಕರ್ಕೊಂಡು ಹೋದ."

"ದೆವ್ವಕ್ಕೆ ಏಣಿ ಬೇಕಾಗಲ್ಲ, ಬೇಕಾದ್ರೂ ವಾಪಸ್ ಕೊಕ್ಕೆಗೆ ನೇತು ಹಾಕಲ್ಲ. ಅವನಿಗೆ ಹಿಂದೆ ಮುಂದೆ ಯಾರಿದ್ರು?"

"ಒಬ್ಬ ತಮ್ಮ ಇದಾನೆ ಅಂತಿದ್ದ. ಅಪ್ಪ ಅಮ್ಮ ಹೋದ ಮೇಲೆ ಸೈಟಿಂದ ಸೈಟಿಗೆ ಹೊತ್ಕೊಂಡು ತಿರುಗಿ ಸಾಕಿದ್ನಂತೆ. ಎಲ್ಲಿದಾನೆ ಅಂತ ಕೇಳಿದ್ರೆ ಬರೀ ನಗೋನು."

ಬಸ್ಸಿನಲ್ಲಿ ಮೊಳೆಯಣ್ಣನಿಗೆ ಎಲ್ಲರೂ ಆ ತಮ್ಮನಂತೆಯೇ ಕಂಡರು, ಕಂಡಕ್ಟರೂ ಸೇರಿ. "ಅಕ್ಕ, ಮೈಕು ಹೊರಗಿಂದ ಬಂದು ಸೇರಿಕೊಂಡೋನಲ್ಲ ತಾನೇ?"

"ನಾಳೆ ಸ್ಲ್ಯಾಬಿನ ಮೇಲೆ ಎಲ್ಲರನ್ನೂ ಸೇರಿಸ್ತೀನಿ. ನಾನು ಕನ್ನಡಕ ತೆಗೆದಾಗ ನೀನು ಹಿಮ್ಮಡೀಲಿ ಒಂದು ಮೂಲೆ ಒಡೀಬೇಕು. ಯಾರಿಗೂ ಗೊತ್ತಾಗ್ದಂಗೆ. ಅಷ್ಟೇ ನಿನ್ನ ಕೆಲಸ."

"ಒಡೆದು?"

"ಒಡೆದು ಸುಮ್ಮನೆ ನಿಂತ್ಕೋ. ಅದು ನಿನಗೆ ಕಷ್ಟ, ಗೊತ್ತು."

ಮುಂದೂಡಿದ ತಪಾಸಣೆ ಬುಧವಾರಕ್ಕೆ ಬಿದ್ದಿತ್ತು. ಅಧಿಕಾರಿಗಳು ಬರುವ ಮೊದಲೇ ಅಕ್ಕ ಮಡಿಗಳಿಗೆ ಮತ್ತೆ ನೀರು ತುಂಬಿಸಿ, ಸ್ಲ್ಯಾಬಿನ ನಡುವೆ ಕುರ್ಚಿ ಹಾಕಿಸಿ ಕೂತಳು. ಎದುರಿನ ಕುರ್ಚಿಯಲ್ಲಿ ದೊಡ್ಡೋರು, ಗಡಿಯಾರ ನೋಡಿಕೊಳ್ಳುತ್ತ. ಪಕ್ಕದಲ್ಲಿ ಇಂಜಿನಿಯರ್. ಕೋಳ ತೊಟ್ಟ ಮೈಕು, ಅವನ ಹೆಂಡತಿ, ಮೇಸ್ತ್ರಿ, ವಾಚ್‌ಮನ್ ತಾತ, ಇನ್ಸ್‌ಪೆಕ್ಟರ್. ಸುತ್ತ ಹಸಿರು ಜಾಕೆಟ್ಟು ತೊಟ್ಟ ನಿಲ್ಲೋರು. ಹೊಸ ಸಬ್ಬು ಅವರನ್ನು ಆಗಲೇ ನಿಲ್ಲಿಸಿದ್ದ.

"ಸಬ್ಬಣ್ಣನ್ನ ಯಾರೂ ಸಂಪಿಗೆ ನೂಕಿಲ್ಲ," ಅಕ್ಕ ಶುರು ಮಾಡಿದಳು. "ಅಂಗಿ ಕೊಳೆಯಾಗಬಾರದು ಅಂತ ತೆಗೆದು ನೇತುಹಾಕಿ, ತಾನೇ ಇಳಿದ. ರಜೆ ದಿನ, ಒಬ್ಬನೇ, ಒಂದು ಹಳೇ ಚಪ್ಪಲಿ ಎತ್ತಿಕೊಳ್ಳೋಕೆ. ಬೇಸಿಗೇಲಿ ಆ ಸಂಪಿನಲ್ಲಿ ಒಬ್ಬ ಗಾರೆಯವನು ಸತ್ತಿದ್ದ. ಆ ಗುರುತು ಬೇರೆಯೋರ ಕಣ್ಣಿಗೆ ಬೀಳಬಾರದಾಗಿತ್ತು."

ದೊಡ್ಡೋರು ಗಡಿಯಾರದಿಂದ ಕಣ್ಣೆತ್ತಿದರು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಮೊಳೆಯಣ್ಣ ಹಿಮ್ಮಡಿ ಒತ್ತಿದ. ಮೂಲೆ ಕುಸಿದು ನೀರು ಸದ್ದಿಲ್ಲದೆ ಹೊರಗೆ ಹರಿಯಿತು.

ದೊಡ್ಡೋರು ಶೂ ಎತ್ತಿಕೊಂಡರು. ಇನ್ಸ್‌ಪೆಕ್ಟರ್ ಪಕ್ಕಕ್ಕೆ ಸರಿದರು. ಹಾಳು ನೀರು ಹೋಗಲಿ ಎಂಬಂತೆ ಮೈಕು ತಲೆಯಾಡಿಸಿದ. ದೂರದಲ್ಲಿದ್ದ ಮೇಸ್ತ್ರಿ ಓಡಿ ಬರುವ ಮೊದಲೇ ಇಂಜಿನಿಯರ್ ಬಗ್ಗಿಯಾಗಿತ್ತು. ಇಸ್ತ್ರಿ ಅಂಗಿಯ ತೋಳು ನೀರಲ್ಲಿ ಅದ್ದಿದ್ದೂ ಅವನಿಗೆ ಗೊತ್ತಾಗಲಿಲ್ಲ. ಕುಸಿದ ಗಾರೆಯನ್ನು ಬಳಿದು ಕೂಡಿಸಿ, ಅಂಗೈ ಅಂಚಿನಿಂದ ಸವರಿ, ಮೂಲೆಗೆ ಎರಡು ಹೆಬ್ಬೆರಳು ಒತ್ತಿದ. ಆಮೇಲೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ತನ್ನ ಕೈ ನೋಡಿಕೊಂಡ.

"ಅಯ್ಯೋ ದೇವರೇ," ಎಂದ ಮೇಸ್ತ್ರಿ. "ಅದೇ ಕೈ."

ಅಕ್ಕ ಕನ್ನಡಕ ಹಾಕಿಕೊಂಡಳು. "ಕೊಂದವನು ಮುಚ್ಚಳದ ಮೇಲೆ ಮೂಟೆ ಹೇರಿದ. ಹಾಗೇ ಎಸೀಬಹುದಿತ್ತು. ಸಿಮೆಂಟಿಗೆ ತೇವ ತಾಗಬಾರದು ಅಂತ ಹಲಗೆ ಹಾಸಿ, ಪ್ಲಾಸ್ಟಿಕ್ ಹೊದಿಸಿದ. ಏಣೀನ ಅದರ ಜಾಗಕ್ಕೇ ನೇತು ಹಾಕಿದ. ಅಂದ್ರೆ ಚಿಕ್ಕಂದಿನಿಂದ ಸೈಟಿನಲ್ಲಿ ಬೆಳೆದೋನು. ಆಮೇಲೆ ಮೇಲೆ ಬಂದು, ಗ್ಯಾಂಗು ಅರ್ಧಕ್ಕೆ ಬಿಟ್ಟಿದ್ದ ಕಟ್ಟೆ ಮುಗಿಸಿ ನೀರು ತುಂಬಿಸಿದ. ಮೈಕಿಗೆ ನೀರು ನಿಲ್ಲಿಸಿದ್ರೆ ಸ್ಲ್ಯಾಬು ಹಾಳಾಗುತ್ತೆ ಅನ್ನೋ ನಂಬಿಕೆ, ಪೇಪರಿಗೂ ಬರೆದಿದಾನೆ. ಈ ದೊಡ್ಡೋರಿಗೆ ಸ್ಲ್ಯಾಬು ಹಾಕಿದ್ದೇ ಗೊತ್ತಿರ್ಲಿಲ್ಲ. ತಾತ ನೆರಳು ಬಿಟ್ಟು ಏಳಲ್ಲ. ಗ್ಯಾಂಗು ಊರಲ್ಲೇ ಇರ್ಲಿಲ್ಲ. ಗ್ಯಾಂಗಿನೋರೇ ಪೂರ್ತಿ ಕಟ್ಟಿದ್ರು ಅಂತ ನನಗೆ ಸುಳ್ಳು ಹೇಳಿದೋನು ಒಬ್ಬನೇ. ಅವನ ಸಹಿ ಇಲ್ಲದೆ ಸಬ್ಬಣ್ಣನ ಬಿಲ್ಲು ಪಾಸಾಗಲ್ಲ. ಅವನು ಇಳಿ ಅಂದ್ರೆ ಸಬ್ಬಣ್ಣ ಇಳೀಲೇಬೇಕು. ಸತ್ತ ಗಾರೆಯವನು ಹೊತ್ತು ಸಾಕಿದ ತಮ್ಮ ನೀನೇ ಅಲ್ವೇನಪ್ಪಾ?"

ಇಂಜಿನಿಯರ್ ಕೈ ಒರೆಸಿಕೊಳ್ಳಲೂ ಇಲ್ಲ. "ಹೌದು ಮೇಡಂ. ನನ್ನ ಹತ್ರ ಇರಬಹುದು ಅಂತಲೇ ಅಣ್ಣ ಈ ಗ್ಯಾಂಗಿಗೆ ಸೇರಿದ. ಸೈಟಲ್ಲಿ ನನ್ನನ್ನ ಸಾರ್ ಅಂತಲೇ ಕರಿ ಅಂತ ನಾನು ಹೇಳಿದ್ದೆ. ಕೊನೇವರೆಗೂ ಹಾಗೇ ಕರೆದ. ಅವತ್ತು ನಾನು ಕೆಳಗಿನ ಹಾಲ್‌ನಲ್ಲಿ ಅಧಿಕಾರಿಗಳ ಜೊತೆ ಟೀ ಕುಡಿತಿದ್ದೆ. ಗ್ಯಾಂಗನ್ನ ಎಲ್ಲೋ ಹೊರಗೆ ಕಳಿಸಿದಾರೆ ಅಂದ್ಕೊಂಡಿದ್ದೆ. ಆಮೇಲೆ ಅಣ್ಣ ಕಾಣ್ಲಿಲ್ಲ, ಸಂಪಿಗೆ ಇಣುಕಿದಾಗ ಅವನ ಚಪ್ಪಲಿ ಕಂಡಿತು. ಎಲ್ಲಾ ಸ್ಥಳೀಯರೇ ಅಂತ ಸಹಿ ಹಾಕಿದ್ದು ಈ ಕೈ. ಸಹಿ ಹಾಕಿದೋನು ಹೋಗಿ ಹೆಣ ಕೊಡಿ, ನಮ್ಮಣ್ಣ ಅಂತ ಹೇಗೆ ಕೇಳೋದು?"

"ಸಬ್ಬಣ್ಣನಿಗೆ ಏನು ಹೇಳಿದೆ?"

"ಸೋಮವಾರ ಸಂಪು ತೆಗೆಸಿ ನೋಡ್ತಾರಂತೆ, ಒಳಗೆ ಚಪ್ಪಲಿ ಉಳಿದಿದೆ ಅಂದೆ. ನಾನು ಹಿಂದಿನ ಬೇಲಿ ಸಂದಿಯಿಂದ ಬಂದೆ. ಇಳಿದ. ಏಣಿ ಎಳ್ಕೊಂಡೆ. ಸಾರ್, ಸಾರ್ ಅಂದ. ಅಣ್ಣ ಹೇಗೆ ಕೂಗಿರಬಹುದು ಅಂತ ತಿಳೀಬೇಕಿತ್ತು ನನಗೆ. ಸದ್ದು ನಿಲ್ಲೋವರೆಗೆ ನಿಂತು ಕೇಳಿಸ್ಕೊಂಡೆ. ಆಮೇಲೆ ಮೇಲೆ ಬಂದೆ. ಸ್ಲ್ಯಾಬು ಒಣಗ್ತಿತ್ತು."

"ಮೈಕಿನ ಗತಿ?"

"ಅಣ್ಣ ಕೆಳಗೆ ಸಾಯ್ತಿರೋವಾಗ ಮೇಲೆ ಹೆಲ್ಮೆಟ್ ಹಾಕ್ಕೊಂಡು ನಿಂತಿದ್ದೋರಲ್ಲಿ ಇವನೂ ಒಬ್ಬ ಮೇಡಂ. ಜೈಲಿಗೆ ಹೋದ್ರೆ ಹೋಗ್ಲಿ ಅನಿಸ್ತು."

ಮೈಕಿನ ಹೆಂಡತಿ ಗಂಡನ ಮುಖ ನೋಡಿದಳು. ಇನ್ಸ್‌ಪೆಕ್ಟರ್ ಕೋಳವನ್ನು ಮೈಕಿನ ಕೈಯಿಂದ ಬಿಚ್ಚಿ ಇಂಜಿನಿಯರನ ಕೈಗೆ ಹಾಕಿದರು.

ದೊಡ್ಡೋರು ಎದ್ದು ಪ್ಯಾಂಟು ಕೊಡವಿಕೊಂಡರು. "ಸರಿ ಹೋಯ್ತಲ್ಲ. ಅಣ್ಣ ಗಿಣ್ಣ ಅನ್ನೋದೆಲ್ಲ ಇವನ ಹುಚ್ಚು. ನಮ್ಮಲ್ಲಿ ಅಂಥ ಕೆಲಸದವನೇ ಇರ್ಲಿಲ್ಲ. ಕೆಲಸ ಮಾಡಿದೋರೆಲ್ಲ ಊರಿನೋರು. ಬೇಕಾದ್ರೆ ಇವ್ರನ್ನೇ ಕೇಳಿ, ಇಲ್ಲೇ ನಿಂತಿದಾರೆ."

ಹಸಿರು ಜಾಕೆಟ್ಟುಗಳು ಕಾಲ ಬುಡ ನೋಡಿಕೊಂಡವು. ಅಕ್ಕ ಮೈಕಿನ ಕಡೆ ತಿರುಗಲೂ ಇಲ್ಲ. ಅವನು ಮನೆಗೆ ಹೋಗಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಹೆಂಡತಿ ಅವನ ತೋಳು ಬಿಟ್ಟು ಒಂದು ಹೆಜ್ಜೆ ದೂರ ನಿಂತಳು.

"ಹೇಳಿ," ಎಂದಳು. "ಊರೆಲ್ಲ ಕೂಗ್ತೀರಲ್ಲ. ಈಗ ಹೇಳಿ."

ಮೈಕು ಮಾತಾಡಿದಾಗ ಹತ್ತಿರದವರೂ ಕಿವಿಗೊಡಬೇಕಾಯಿತು. "ನಾವು ಯಾರೂ ಇಲ್ಲಿ ಕೆಲಸ ಮಾಡಿಲ್ಲ. ಬರೀ ನಿಲ್ತಿದ್ವಿ. ಜನ ತರ್ತಿದ್ದೋನು ನಾನು. ಅವತ್ತು ಆ ಮುಚ್ಚಳದ ಮೇಲೆ ನಿಂತಿದ್ದೋನೂ ನಾನೇ. ಕಾಲ ಕೆಳಗೆ ಬಡಿಯೋ ಸದ್ದು ಬಂತು. ಒಳಗೆ ಜನ ಇದಾರಾ ಅಂತ ಸಬ್ಬಣ್ಣನ್ನ ಕೇಳಿದೆ. ಅವನೂ ಹೆದರಿದ್ದ, ತೆಗೀತೀನಿ ಅಂತ ಬಗ್ಗಿದ. ಈ ದೊಡ್ಡೋರು ಪಕ್ಕದಲ್ಲೇ ಇದ್ರು. ಸಾಹೇಬ್ರು ಹೋಗೋವರೆಗೆ ತೆಗೀಬೇಡ, ಒಂದಿಬ್ಬರು ಮೂರ್ಛೆ ಹೋದ್ರೆ ಏನೂ ಆಗಲ್ಲ ಅಂದ್ರು. ನಾನು ಮುಚ್ಚಳ ಬಿಟ್ಟು ಇಳೀಲಿಲ್ಲ."

"ಸುಳ್ಳು," ಎಂದರು ದೊಡ್ಡೋರು. ಸುಳ್ಳಿನ ಉಸಿರು ಗೊತ್ತಿದ್ದ ಅಕ್ಕ ಅವರನ್ನೇ ನೋಡುತ್ತಿದ್ದಳು. ನಿಲ್ಲೋರಲ್ಲಿ ಒಬ್ಬ ಹೆಲ್ಮೆಟ್ಟು ತೆಗೆದು ನೆಲಕ್ಕಿಟ್ಟ. "ನಾನೂ ಕೇಳಿಸ್ಕೊಂಡೆ," ಎಂದ. ಇನ್ನೊಬ್ಬ ತೆಗೆದ, ಮತ್ತೊಬ್ಬ ತೆಗೆದ. ಹೆಣ ಹೂತ ಕಲ್ಲುಗಣಿ ತೋರಿಸುತ್ತೇನೆ, ಲಾರಿಯೂ ಇವರದ್ದೇ ಎಂದ ಮೇಸ್ತ್ರಿ. ಮೈಕಿನ ಹೆಂಡತಿ ಕೂತುಬಿಟ್ಟಿದ್ದಳು. ಗಂಡ ಕೈಚಾಚಿದಾಗ ಹಿಡಿಯದೆ ತಾನೇ ಎದ್ದಳು.

ಆ ಹೊತ್ತಿಗೆ ಮೊಳೆಯಣ್ಣ ಇಂಜಿನಿಯರನ ಮುಖ ನೋಡಿದ, ನೋಡಬಾರದಿತ್ತು ಅನಿಸಿತು. ಇಷ್ಟು ಹೊತ್ತು ಕೆಲಸ ಮುಗಿಸಿದವನ ಶಾಂತಿ ಇದ್ದ ಮುಖ ಅದು. ಅವನು ಕೊಂದದ್ದು ಮುಚ್ಚಳ ಹಾಕಿದವನನ್ನು. ತೆಗೆಯಬೇಡ ಎಂದವನು ಎದುರಿಗೆ ನಿಂತು ವಕೀಲರಿಗೆ ಫೋನು ಮಾಡುತ್ತಿದ್ದ.

"ಇದು ನಿನಗೆ ಮೊದಲೇ ಗೊತ್ತಿತ್ತಾ ಅಕ್ಕ?" ಮೆಟ್ಟಿಲಿಳಿಯುತ್ತ ಮೊಳೆಯಣ್ಣ ಕೇಳಿದ.

"ಯಾರೋ ಮೇಲಿನೋನು ಬೇಡ ಅಂದಿರ್ಬೇಕು ಅಂತ ಅನುಮಾನ ಇತ್ತು. ಸಬ್ಬಣ್ಣ ತಾನಾಗಿ ಏನನ್ನೂ ಮಾಡ್ದೋನಲ್ಲ, ಎಲ್ಲಾ ಮೇಲಿಂದ ಬಂದಿದ್ದು, ಕೆಳಕ್ಕೆ ದಾಟಿಸಿದ್ದು. ಕೊಂದೋನನ್ನ ಹಿಡ್ಕೊಟ್ಟು ಕೊಲ್ಲಿಸಿದೋನನ್ನ ಕಾರಲ್ಲಿ ಮನೆಗೆ ಕಳಿಸಿದ್ರೆ ನನ್ನ ಹೊಟ್ಟೆ ತಣ್ಣಗಾಗ್ತಿರ್ಲಿಲ್ಲ ಕಣೋ."

ಠಾಣೆಗೆ ಇದ್ದದ್ದು ಒಂದೇ ಜೀಪು. ಹಿಂದಿನ ಉದ್ದ ಬೆಂಚಿನ ಮೇಲೆ ಇಂಜಿನಿಯರ್ ಆಗಲೇ ಕೂತಿದ್ದ. ದೊಡ್ಡೋರನ್ನು ಕರೆತಂದಾಗ ಅವರು ಒಳಗೆ ಒಮ್ಮೆ ಇಣುಕಿ ಹಿಂದೆ ಸರಿದರು.

"ನನ್ನ ಕಾರಲ್ಲೇ ಬರ್ತೀನಿ ಇನ್ಸ್‌ಪೆಕ್ಟರ್ ಸಾಹೇಬ್ರೇ. ಅವನ ಜೊತೆ ಬೇಡ. ಕೈ ಮುಗೀತೀನಿ."

ಇಂಜಿನಿಯರ್ ಬೆಂಚಿನ ತುದಿಗೆ ಸರಿದು, ಗಾರೆ ಒಣಗುತ್ತಿದ್ದ ಕೈಯಿಂದ ಪಕ್ಕದ ಜಾಗ ತಟ್ಟಿದ.

"ಬನ್ನಿ ಸಾರ್," ಎಂದ. "ಇಬ್ಬರಿಗೂ ಜಾಗ ಇದೆ."

ಇನ್ಸ್‌ಪೆಕ್ಟರ್ ದೊಡ್ಡೋರನ್ನು ಹಿಂದಿನಿಂದ ಒಳಕ್ಕೆ ದೂಡಿ ಬಾಗಿಲು ಹಾಕಿದರು.